ಮನೆ ಕಂಪ್ಯೂಟರ್‌ಗೆ ಲಿನಕ್ಸ್ ಹಾಕೋಣ, ಮಕ್ಕಳ ಆಟ ನಿಲ್ಲದ ಹಾಗೆ

ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕೋಣ ಎಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಎಸ್‌ಪಿ ರೋಡ್‌ನಲ್ಲಿ 2016-17ರ ಸುಮಾರಿಗೆ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಬೆಂಗಳೂರಿನ ಎಷ್ಟೋ ಮನೆಗಳ ಹಾಲ್‌ನಲ್ಲಿ ಇನ್ನೂ ಚೆನ್ನಾಗಿಯೇ ಓಡುತ್ತಿದೆ. ಅದನ್ನು ಗುಜರಿಗೆ ಹಾಕುವ ಅಗತ್ಯ ಖಂಡಿತ ಇಲ್ಲ. ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ಆರಾಮಾಗಿ ಬಳಸಬಹುದು.

ತೊಡಕು ಇರುವುದು ಮನೆಯವರ ವಿಷಯದಲ್ಲಿ. ಒಬ್ಬರೇ ಬಳಸುವ ಲ್ಯಾಪ್‌ಟಾಪ್ ಆದರೆ ಒಂದು ಭಾನುವಾರ ಕೂತು ಬದಲಾಯಿಸಿಬಿಡಬಹುದು. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರ್‌ನಲ್ಲಿ ಒಬ್ಬರಿಗೆ ಲೆಕ್ಕಪತ್ರದ ಟ್ಯಾಲಿ ಬೇಕು, ಒಬ್ಬರಿಗೆ ಕನ್ನಡ ಟೈಪಿಂಗ್‌ನ ನುಡಿ ಬೇಕು, ಇನ್ನೊಬ್ಬರಿಗೆ ಆಟ ಬೇಕು. ಒಬ್ಬರ ಕೆಲಸ ನಿಂತರೂ ಎರಡನೇ ದಿನವೇ "ಹಳೇದೇ ಹಾಕಿಕೊಡು" ಎಂಬ ಮಾತು ಬರುತ್ತದೆ. ಹಾಗಾಗಿ ನನ್ನ ಸಲಹೆ ಒಂದೇ: ವಿಂಡೋಸ್ ಅಳಿಸಬೇಡಿ. ಅದನ್ನು ಅದರ ಡಿಸ್ಕ್‌ನಲ್ಲೇ ಬಿಡಿ. ಲಿನಕ್ಸ್‌ಗೆ ಬೇರೆ ಡಿಸ್ಕ್ ಕೊಡಿ, ಒಬ್ಬೊಬ್ಬರನ್ನಾಗಿ ಈ ಕಡೆ ಕರೆತನ್ನಿ. ಹನುಮಂತನಗರದ ನನ್ನ ಅಕ್ಕನ ಮನೆಯಲ್ಲಿ ಮಾಡಿದ್ದು ಹೀಗೆಯೇ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಹಾಳೆ, ಒಂದು ಪೆನ್ನು

ಯಾರು ಏನು ಬಳಸುತ್ತಾರೆ ಎಂದು ಮನೆಯವರನ್ನೆಲ್ಲ ಕೂರಿಸಿಕೊಂಡು ಬರೆಯಿರಿ. ಬ್ರೌಸರ್‌ನಲ್ಲಿ ಆಗುವ ಕೆಲಸಕ್ಕೆ ಚಿಂತೆ ಬೇಡ. ಬ್ಯಾಂಕ್, ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಯೂಟ್ಯೂಬ್, ಗೂಗಲ್ ಮೀಟ್, ಜೂಮ್ ಎಲ್ಲವೂ ಲಿನಕ್ಸ್‌ನಲ್ಲಿ ನಡೆಯುತ್ತವೆ. ವರ್ಡ್, ಎಕ್ಸೆಲ್ ಫೈಲ್‌ಗಳನ್ನು ಲಿಬ್ರೆಆಫೀಸ್ ತೆರೆಯುತ್ತದೆ. ತುಂಬಾ ಅಲಂಕಾರ ಇರುವ ಫೈಲ್‌ನಲ್ಲಿ ಸಾಲುಗಳು ಸ್ವಲ್ಪ ಆಚೀಚೆ ಆಗಬಹುದು.

ನಿಜವಾಗಿ ವಿಂಡೋಸ್ ಬೇಕಾಗುವುದು ಕೆಲವಕ್ಕೆ ಮಾತ್ರ. ಟ್ಯಾಲಿಗೆ ಲಿನಕ್ಸ್ ಆವೃತ್ತಿ ಇಲ್ಲ. ಮನೆಯಿಂದ ಬರೆಯುವ ಕೆಲವು ಆನ್‌ಲೈನ್ ಪರೀಕ್ಷೆಗಳ ನಿಗಾ ಸಾಫ್ಟ್‌ವೇರ್ ವಿಂಡೋಸ್ ಅಥವಾ ಮ್ಯಾಕ್ ಬಿಟ್ಟು ಬೇರೆ ಕಡೆ ಓಡುವುದಿಲ್ಲ. ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅದನ್ನೂ ವಿಂಡೋಸ್‌ನಲ್ಲೇ ಉಳಿಸಿಕೊಳ್ಳುವುದು ಕ್ಷೇಮ. ಇವುಗಳ ಮುಂದೆ ಒಂದು ಗುರುತು ಹಾಕಿಡಿ.

ಆಟಗಳ ಪಟ್ಟಿ: ಇಲ್ಲಿ ಅವಸರ ಬೇಡ

"ಲಿನಕ್ಸ್‌ನಲ್ಲಿ ಆಟ ಆಡೋಕಾಗಲ್ಲ" ಎಂಬ ಮಾತು ಹತ್ತು ವರ್ಷದ ಹಿಂದೆ ಬಹುಮಟ್ಟಿಗೆ ನಿಜ. ಈಗ ಅಲ್ಲ. 2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ, ಆಟ ಕೊಂಡು ಆಡುವ ತನ್ನ ಸ್ಟೀಮ್ ಸಾಫ್ಟ್‌ವೇರ್‌ನೊಳಗೆ ಪ್ರೋಟಾನ್ ಎಂಬುದನ್ನು ಸೇರಿಸಿತು. ವಿಂಡೋಸ್‌ಗೆಂದು ಬರೆದ ಆಟ ಕೇಳುವುದನ್ನೆಲ್ಲ ಇದು ನಡುವೆ ನಿಂತ ದುಭಾಷಿಯ ಹಾಗೆ ಲಿನಕ್ಸ್‌ಗೆ ತಿಳಿಸುತ್ತದೆ. ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಗ್ರಾಫಿಕ್ಸ್ ಕರೆಗಳು ಇಲ್ಲಿ ಲಿನಕ್ಸ್‌ನಲ್ಲಿ ನಡೆಯುವ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯ ಕರೆಗಳಾಗಿ ಬದಲಾಗುತ್ತವೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ಪೂರ್ತಿ ಇದರ ಮೇಲೆಯೇ ನಿಂತಿದೆ. ಆ ಒಂದು ಯಂತ್ರದ ದೆಸೆಯಿಂದ ನಮ್ಮ ಮನೆಯ ಡೆಸ್ಕ್‌ಟಾಪ್‌ಗೂ ದೊಡ್ಡ ಲಾಭ ಆಗಿದೆ.

ಒಬ್ಬರೇ ಆಡುವ, ಕಥೆ ಇರುವ ಆಟಗಳು ಬಹುತೇಕ ಓಡುತ್ತವೆ. ಪೇಚು ಇರುವುದು ಆನ್‌ಲೈನ್ ಸ್ಪರ್ಧೆಯ ಆಟಗಳಲ್ಲಿ. ಮೋಸದಾಟ ಹಿಡಿಯುವ ಆಂಟಿ-ಚೀಟ್ ಸಾಫ್ಟ್‌ವೇರ್ ಕೆಲವು ಆಟಗಳಲ್ಲಿ ವಿಂಡೋಸ್‌ನ ತಿರುಳಾದ ಕರ್ನೆಲ್‌ವರೆಗೆ ಇಳಿದು ಕೂರುತ್ತದೆ. ಅಲ್ಲಿ ಪ್ರೋಟಾನ್ ಕೈಲಿ ಏನೂ ಆಗದು. ವ್ಯಾಲರಂಟ್ ಓಡುವುದಿಲ್ಲ. ಫೋರ್ಟ್‌ನೈಟ್ ಓಡುವುದಿಲ್ಲ. ಕಾಲ್ ಆಫ್ ಡ್ಯೂಟಿ ವಾರ್‌ಝೋನ್ ಕೂಡ ಇಲ್ಲ. ಏಪೆಕ್ಸ್ ಲೆಜೆಂಡ್ಸ್ ಓಡುತ್ತಿತ್ತು, 2024ರಲ್ಲಿ ಅದರ ತಯಾರಕರೇ ಲಿನಕ್ಸ್ ಆಟಗಾರರಿಗೆ ಬಾಗಿಲು ಹಾಕಿದರು. ಜಿಟಿಎ 5ರ ಕಥೆ ಲಿನಕ್ಸ್‌ನಲ್ಲಿ ಆಡಬಹುದು, ಆದರೆ 2024ರಲ್ಲಿ ಬ್ಯಾಟಲ್‌ಐ ಎಂಬ ಆಂಟಿ-ಚೀಟ್ ಸೇರಿಸಿದ ಮೇಲೆ ಅದರ ಆನ್‌ಲೈನ್‌ಗೆ ಪ್ರವೇಶ ಇಲ್ಲ.

ಇನ್ನೊಂದು ಕಡೆ, ಕೌಂಟರ್-ಸ್ಟ್ರೈಕ್ 2 ಮತ್ತು ಡೋಟಾ 2ಕ್ಕೆ ನೇರ ಲಿನಕ್ಸ್ ಆವೃತ್ತಿಯೇ ಇದೆ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯೂ ಹಾಗೆಯೇ. ಬೆಡ್‌ರಾಕ್ ಆವೃತ್ತಿಗೆ ಮಾತ್ರ ಅಧಿಕೃತ ದಾರಿ ಇಲ್ಲ. ಮಗ ಸ್ಕೂಲ್ ಗೆಳೆಯರ ಜೊತೆ ಆಡುವುದು ಯಾವ ಮೈನ್‌ಕ್ರಾಫ್ಟ್ ಎಂದು ವಿಚಾರಿಸಿಕೊಳ್ಳಿ, ಎರಡಕ್ಕೂ ಹೆಸರು ಒಂದೇ ಆದ್ದರಿಂದ ಇಲ್ಲಿ ಗೊಂದಲ ಜಾಸ್ತಿ. ಸ್ಟಾರ್‌ಡ್ಯೂ ವ್ಯಾಲಿ, ಹಾಲೋ ನೈಟ್ ಲಿನಕ್ಸ್‌ಗೇ ಬಂದಿವೆ. ಏಜ್ ಆಫ್ ಎಂಪೈರ್ಸ್ 2ರ ಹೊಸ ಆವೃತ್ತಿ ಪ್ರೋಟಾನ್ ಮೇಲೆ ಚೆನ್ನಾಗಿ ಓಡುತ್ತದೆ.

ಪಟ್ಟಿಯಲ್ಲಿರುವ ಒಂದೊಂದು ಆಟವನ್ನೂ ಪ್ರೋಟಾನ್‌ಡಿಬಿ ಎಂಬ ತಾಣದಲ್ಲಿ ಹುಡುಕಿ. ಆಡಿದವರೇ ಅಲ್ಲಿ ವರದಿ ಬರೆಯುತ್ತಾರೆ. ಪ್ಲಾಟಿನಂ, ಗೋಲ್ಡ್ ಎಂದಿದ್ದರೆ ನೆಮ್ಮದಿ. ಬೋರ್ಕ್ಡ್ ಎಂದಿದ್ದರೆ ಆ ಆಟ ವಿಂಡೋಸ್‌ನಲ್ಲೇ ಉಳಿಯಲಿ. ಪದಕ ನೋಡಿ ಬಿಟ್ಟುಬಿಡಬೇಡಿ, ಇತ್ತೀಚಿನ ವರದಿಗಳನ್ನೂ ಓದಿ. ನಿಮ್ಮದೇ ಥರದ ಗ್ರಾಫಿಕ್ಸ್ ಕಾರ್ಡ್ ಇರುವವರು ಏನು ಬರೆದಿದ್ದಾರೆ ಎನ್ನುವುದೇ ಮುಖ್ಯ. ಆನ್‌ಲೈನ್ ಆಟಗಳಿಗೆ "ಆರ್ ವಿ ಆಂಟಿ-ಚೀಟ್ ಯೆಟ್" ಎಂಬ ಇನ್ನೊಂದು ತಾಣ ಇದೆ.

ಈ ವಿಷಯ ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು. ನನ್ನ ಅಕ್ಕನ ಮಗ ಕೇಳಿದ ಮೊದಲ ಪ್ರಶ್ನೆಯೇ ಅದು.

"ಮಾಮ, ವ್ಯಾಲರಂಟ್ ಬರುತ್ತಲ್ವಾ?"

"ಲಿನಕ್ಸ್‌ನಲ್ಲಿ ಬರಲ್ಲ ಕಣೋ. ಆದ್ರೆ ವಿಂಡೋಸ್ ಎಲ್ಲೂ ಹೋಗಲ್ಲ. ಅದು ಆಡ್ಬೇಕು ಅಂದಾಗ ಆ ಕಡೆ ಹೋಗು."

ಅಷ್ಟು ಸಾಕಾಯಿತು. ಹುಡುಗರಿಗೆ ಬೇಸರ ಆಗುವುದು ಆಟ ಇಲ್ಲ ಎಂದಾಗ ಅಷ್ಟಲ್ಲ, ಹೇಳದೇ ಕಿತ್ತುಕೊಂಡಾಗ.

ಗ್ರಾಫಿಕ್ಸ್ ಕಾರ್ಡ್ ಯಾವುದು?

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ಗೆ ಹೋಗಿ, ಜಿಪಿಯು ಹೆಸರು ಬರೆದುಕೊಳ್ಳಿ. ಹೊಸ ಪ್ರೋಟಾನ್‌ಗೆ ವಲ್ಕನ್ 1.3 ಬೇಕು. ಇಂಟೆಲ್ ಒಳಗ್ರಾಫಿಕ್ಸ್ ಆದರೆ ಆರನೇ ತಲೆಮಾರು ಅಥವಾ ಆಮೇಲಿನದು ಇರಲಿ. ಎಎಂಡಿಯ ಆರ್‌ಎಕ್ಸ್ 400 ಸರಣಿ ಮತ್ತು ಆಮೇಲಿನ ಕಾರ್ಡ್‌ಗಳಿಗೆ ಡ್ರೈವರ್ ಲಿನಕ್ಸ್ ಜೊತೆಗೇ ಬರುತ್ತದೆ, ನೀವು ಏನೂ ಮಾಡಬೇಕಾಗಿಲ್ಲ. ಎನ್‌ವಿಡಿಯಾದ ಜಿಟಿಎಕ್ಸ್ 1050, 1650 ಥರದವೂ ಸರಿಯೇ.

ಜಿಟಿ 710 ಇದ್ದರೆ ಸ್ವಲ್ಪ ನಿಲ್ಲಿ. ಅಗ್ಗದ ಅಸೆಂಬಲ್ಡ್ ಕಂಪ್ಯೂಟರ್‌ಗಳಲ್ಲಿ ತುಂಬಾ ಕಾಣುವ ಕಾರ್ಡ್ ಇದು. ಇದರ ಎನ್‌ವಿಡಿಯಾ ಡ್ರೈವರ್ ವಲ್ಕನ್ 1.3 ಮುಟ್ಟುವುದಿಲ್ಲ. ಬ್ರೌಸರ್, ವೀಡಿಯೊ, ಟೈಪಿಂಗ್ ಎಲ್ಲ ನಡೆಯುತ್ತದೆ, ಆದರೆ ಡೈರೆಕ್ಟ್‌ಎಕ್ಸ್ 11ರ ಆಟಗಳಿಗೆ ಇದನ್ನು ನಂಬಬೇಡಿ. ಒಂದು ಹಳೆಯ ಆರ್‌ಎಕ್ಸ್ 550 ಅಥವಾ 570 ಸಿಕ್ಕರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಅಂಗಡಿಯಲ್ಲೇ ಹಾಕಿಸಿ, ಆಟ ಓಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ಕಾರ್ಡ್‌ಗೆ ಬೇಕಾದ ಪವರ್ ಕನೆಕ್ಟರ್ ನಿಮ್ಮ ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಲ್ಲಿ ಇದೆಯಾ ಎಂದೂ ಕೇಳಿ.

ಬ್ಯಾಕಪ್, ಹೊಸ ಡಿಸ್ಕ್

ಫೋಟೊ, ದಾಖಲೆ, ಮಕ್ಕಳ ಪ್ರಾಜೆಕ್ಟ್ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಅದನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ಫೈಲ್ ತೆರೆಯುತ್ತದಾ ನೋಡಿ. ಆಟಗಳ ಸೇವ್, ಅಂದರೆ ಎಲ್ಲಿವರೆಗೆ ಆಡಿದ್ದಾರೆ ಎಂಬ ಫೈಲ್, ಮರೆಯಬೇಡಿ. ಸ್ಟೀಮ್ ಕ್ಲೌಡ್ ಗುರುತು ಇರುವ ಆಟಗಳ ಸೇವ್ ತಾನಾಗಿ ಬರುತ್ತದೆ. ಉಳಿದವು ಡಾಕ್ಯುಮೆಂಟ್ಸ್ ಅಥವಾ ಆಪ್‌ಡೇಟಾ ಫೋಲ್ಡರ್‌ನಲ್ಲಿ ಇರುತ್ತವೆ.

ವಿಂಡೋಸ್‌ನಲ್ಲಿ ಎರಡು ಕೆಲಸ ಮುಗಿಸಿಕೊಳ್ಳಿ. ಪವರ್ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ವಿಂಡೋಸ್ ತನ್ನ ಡಿಸ್ಕ್ ಅನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ.

ಈಗ ಲಿನಕ್ಸ್‌ಗೆಂದೇ ಒಂದು ಎಸ್‌ಎಸ್‌ಡಿ ತನ್ನಿ. ಒಂದೇ ಡಿಸ್ಕ್ ಅನ್ನು ಭಾಗ ಮಾಡಿ ಎರಡನ್ನೂ ಹಾಕಬಹುದು ನಿಜ, ಆದರೆ ಮನೆಮಂದಿಯ ಕಂಪ್ಯೂಟರ್‌ನಲ್ಲಿ ಆ ರಿಸ್ಕ್ ಬೇಡ ಎನ್ನುತ್ತೇನೆ. ದೊಡ್ಡ ಆಟಗಳು ಒಂದೊಂದೂ 50ರಿಂದ 100 ಜಿಬಿ ತಿನ್ನುತ್ತವೆ, ಆದ್ದರಿಂದ 500 ಜಿಬಿ ಇದ್ದರೆ ಒಳ್ಳೆಯದು.

ಪೆನ್‌ಡ್ರೈವ್‌ನಿಂದ ಒಂದು ಸಂಜೆ ಓಡಿಸಿ ನೋಡಿ

ಯಾವ ಲಿನಕ್ಸ್? ಮನೆಮಂದಿಗೆ ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿ. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು, ವಿಂಡೋಸ್ ಬಳಸಿದವರಿಗೆ ಹೊಸದಾಗಿ ಕಲಿಯುವುದು ಕಡಿಮೆ. ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. ಆಟವೇ ಮುಖ್ಯ ಎನ್ನುವವರು ಬಜೈಟ್ ನೋಡಬಹುದು, ಅದರಲ್ಲಿ ಸ್ಟೀಮ್ ಮೊದಲೇ ಇರುತ್ತದೆ. ಅಪ್ಪ ಅಮ್ಮನೂ ಬಳಸುವ ಯಂತ್ರಕ್ಕೆ ನಾನು ಮಿಂಟ್ ಬಿಟ್ಟು ಬೇರೆ ಹೇಳುವುದಿಲ್ಲ.

8 ಜಿಬಿ ಪೆನ್‌ಡ್ರೈವ್ ಸಾಕು. ಮಿಂಟ್ ತಾಣದಿಂದ ಐಎಸ್‌ಒ ಫೈಲ್ ಇಳಿಸಿ, ರೂಫಸ್ ಅಥವಾ ಬಲೇನಾ ಎಚರ್ ಎಂಬ ಸಾಫ್ಟ್‌ವೇರ್‌ನಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಕಂಪ್ಯೂಟರ್ ಆನ್ ಆಗುವಾಗ ಬೂಟ್ ಮೆನು ಕೀ ಒತ್ತಿ ಪೆನ್‌ಡ್ರೈವ್ ಆರಿಸಿ. ಏನನ್ನೂ ಇನ್‌ಸ್ಟಾಲ್ ಮಾಡದೆ ಮಿಂಟ್ ತೆರೆದುಕೊಳ್ಳುತ್ತದೆ. ವೈಫೈ, ಸ್ಪೀಕರ್, ಮೈಕ್, ವೆಬ್‌ಕ್ಯಾಮ್, ಜಾಯ್‌ಸ್ಟಿಕ್ ಪರೀಕ್ಷಿಸಿ. ಪ್ರಿಂಟರ್‌ನಲ್ಲಿ ಒಂದು ಹಾಳೆ ತೆಗೆದೇ ನೋಡಿ. ಎಚ್‌ಪಿ ಪ್ರಿಂಟರ್‌ಗಳು ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಕ್ಯಾನನ್ ಎಲ್‌ಬಿಪಿ 2900 ನಮ್ಮಲ್ಲಿ ತುಂಬಾ ಮನೆಗಳಲ್ಲಿದೆ, ಲಿನಕ್ಸ್‌ನಲ್ಲಿ ಅದಕ್ಕೆ ಕಸರತ್ತು ಬೇಕು.

ಇನ್‌ಸ್ಟಾಲ್

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ವಿಂಡೋಸ್ ಡಿಸ್ಕ್‌ನ ಕೇಬಲ್ ಬಿಚ್ಚಿಡಿ. ಹೊಸ ಎಸ್‌ಎಸ್‌ಡಿ ಮಾತ್ರ ಇರಲಿ. ಆಗ "ಇಡೀ ಡಿಸ್ಕ್ ಅಳಿಸು" ಎಂದು ಧೈರ್ಯವಾಗಿ ಒತ್ತಬಹುದು, ಅಳಿಯುವುದಕ್ಕೆ ಬೇರೆ ಏನೂ ಅಲ್ಲಿ ಇರುವುದಿಲ್ಲ. ಮಳೆ ಬರುವ ಸಂಜೆ ಈ ಕೆಲಸಕ್ಕೆ ಕೂರಬೇಡಿ. ನಡುವೆ ಕರೆಂಟ್ ಹೋದರೆ ಮೊದಲಿಂದ ಶುರು ಮಾಡಬೇಕು. ಯುಪಿಎಸ್ ಇದ್ದರೂ ಅದರ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂದು ನೋಡಿಕೊಳ್ಳಿ.

ಸಹಿ ಇಲ್ಲದ ಸಾಫ್ಟ್‌ವೇರ್‌ನಿಂದ ಕಂಪ್ಯೂಟರ್ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿ ಎಂದು ಹಲವರು ಹೇಳುತ್ತಾರೆ. ಮಿಂಟ್‌ಗೆ ಅದರ ಅಗತ್ಯ ಇಲ್ಲ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡುವವರಂತೂ ಆಫ್ ಮಾಡಲೇಬಾರದು, ಅಲ್ಲಿ ಆ ಆಟಕ್ಕೆ ಸೆಕ್ಯೂರ್ ಬೂಟ್ ಕಡ್ಡಾಯ. ಹಾಡು, ವೀಡಿಯೊ ಓಡಿಸುವ ಮಲ್ಟಿಮೀಡಿಯಾ ಕೋಡೆಕ್ ಬೇಕಾ ಎಂದು ಮಿಂಟ್ ಕೇಳಿದಾಗ ಹೌದು ಎನ್ನಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಒಂದು ಪಾಸ್‌ವರ್ಡ್ ಕೇಳುತ್ತದೆ, ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಗಾಬರಿ ಬೇಡ. "ಎನ್‌ರೋಲ್ ಮೋಕ್" ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ಈ ಹೆಜ್ಜೆ ಮಾಡದೇ ಬಿಟ್ಟರೆ ಎನ್‌ವಿಡಿಯಾ ಡ್ರೈವರ್ ಕೆಲಸ ಮಾಡದೇ ಇರಬಹುದು.

ಮಿಂಟ್ ತೆರೆದ ಮೇಲೆ ಅಪ್‌ಡೇಟ್ ಮ್ಯಾನೇಜರ್ ಓಡಿಸಿ. ಎನ್‌ವಿಡಿಯಾ ಇದ್ದರೆ ಡ್ರೈವರ್ ಮ್ಯಾನೇಜರ್‌ನಲ್ಲಿ "ರೆಕಮೆಂಡೆಡ್" ಎಂದಿರುವುದನ್ನು ಆರಿಸಿ ರೀಸ್ಟಾರ್ಟ್ ಮಾಡಿ. ಆಮೇಲೆ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮುಂದೆ ಯಾವುದಾದರೂ ಅಪ್‌ಡೇಟ್ ಕೈಕೊಟ್ಟರೆ ಈ ಸ್ಥಿತಿಗೆ ವಾಪಸ್ ಬರಬಹುದು. ಫೋಟೊ, ದಾಖಲೆಗಳು ಇದರಲ್ಲಿ ಸೇರುವುದಿಲ್ಲ, ಅವಕ್ಕೆ ಬೇರೆ ಬ್ಯಾಕಪ್ ಬೇಕೇ ಬೇಕು.

ಕಂಪ್ಯೂಟರ್ ಆಫ್ ಮಾಡಿ ವಿಂಡೋಸ್ ಡಿಸ್ಕ್‌ನ ಕೇಬಲ್ ಮತ್ತೆ ಹಾಕಿ. ಬಯಾಸ್‌ನಲ್ಲಿ ಮಿಂಟ್ ಡಿಸ್ಕ್ ಮೊದಲು ಬರುವಂತೆ ಇಡಿ. ವಿಂಡೋಸ್ ಬೇಕಾದವರು ಬೂಟ್ ಮೆನು ಕೀ ಒತ್ತಿ ಹೋಗಲಿ. ಆ ಕೀ ಯಾವುದು ಎಂದು ಒಂದು ಚೀಟಿ ಬರೆದು ಮಾನಿಟರ್ ಕೆಳಗೆ ಅಂಟಿಸಿ.

ಯಾರ ಖಾತೆ ಯಾರಿಗೆ

ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿ. ಅಡ್ಮಿನಿಸ್ಟ್ರೇಟರ್ ಹಕ್ಕು ಒಬ್ಬ ದೊಡ್ಡವರಿಗೆ ಸಾಕು. ಉಳಿದವರಿಗೆ ಸ್ಟ್ಯಾಂಡರ್ಡ್.

ಆಟಕ್ಕೆ ಮಾತ್ರ ಬೇರೆ ಲೆಕ್ಕ. ಅಣ್ಣ ತಂಗಿ ಇಬ್ಬರೂ ತಂತಮ್ಮ ಲಾಗಿನ್‌ನಲ್ಲಿ ಸ್ಟೀಮ್ ಹಾಕಿಕೊಂಡರೆ ಒಂದೇ ಆಟ ಎರಡು ಸಲ ಡಿಸ್ಕ್ ತಿನ್ನುತ್ತದೆ. ಇಬ್ಬರಿಗೂ ಒಂದೇ ಫೋಲ್ಡರ್ ತೋರಿಸೋಣ ಎಂದರೆ ಪ್ರೋಟಾನ್ ಒಪ್ಪುವುದಿಲ್ಲ. ಪ್ರತಿ ಆಟಕ್ಕೂ ಅದು ಒಂದು ಪುಟ್ಟ ವಿಂಡೋಸ್ ಫೋಲ್ಡರ್ ಕಟ್ಟುತ್ತದೆ, ಆ ಫೋಲ್ಡರ್ ಯಾರ ಹೆಸರಿನಲ್ಲಿ ಹುಟ್ಟಿತೋ ಅವರಿಗೆ ಮಾತ್ರ ಆಟ ತೆರೆಯುತ್ತದೆ. ಅನುಮತಿ ಬದಲಾಯಿಸುತ್ತಾ ಕೂತರೆ ಸಂಜೆ ಪೂರ್ತಿ ಅದೇ ಆಗುತ್ತದೆ.

ಸುಲಭದ ದಾರಿ: "ಆಟ" ಎಂಬ ಹೆಸರಿನಲ್ಲಿ ಇನ್ನೊಂದು ಲಾಗಿನ್ ಮಾಡಿ. ಸ್ಟೀಮ್ ಅಲ್ಲಿ ಮಾತ್ರ ಇರಲಿ. ಒಳಗೆ ಇಬ್ಬರೂ ತಂತಮ್ಮ ಸ್ಟೀಮ್ ಖಾತೆಗೆ ಬದಲಾಯಿಸಿಕೊಳ್ಳಲಿ. ಓದಿನ ಫೈಲ್ ಓದಿನ ಲಾಗಿನ್‌ನಲ್ಲಿ, ಆಟ ಆಟದ ಲಾಗಿನ್‌ನಲ್ಲಿ. ಅಕ್ಕನಿಗೆ ಈ ಏರ್ಪಾಡು ತುಂಬಾ ಹಿಡಿಸಿತು. ಪರೀಕ್ಷೆಯ ದಿನಗಳಲ್ಲಿ ಒಂದು ಪಾಸ್‌ವರ್ಡ್ ಬದಲಾಯಿಸಿದರೆ ಆಯಿತು. ಇಬ್ಬರೂ ಒಂದೇ ಆಟ ಆಡುವುದಾದರೆ ಒಂದು ಎಚ್ಚರ: ಕೆಲವು ಆಟಗಳು ಸೇವ್ ಅನ್ನು ಖಾತೆವಾರು ಇಡುವುದಿಲ್ಲ. ಅಂಥವಲ್ಲಿ ಇವಳು ಮೊದಲ ಸ್ಲಾಟ್, ಅವನು ಎರಡನೇ ಸ್ಲಾಟ್ ಎಂದು ಮಾತಾಡಿಕೊಳ್ಳಲಿ.

2024ರಲ್ಲಿ ಬಂದ ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಆರು ಜನರವರೆಗೆ ಸೇರಿ ಕೊಂಡ ಆಟಗಳನ್ನು ಹಂಚಿಕೊಳ್ಳಬಹುದು. ಮಕ್ಕಳು ದಿನಕ್ಕೆ ಎಷ್ಟು ಹೊತ್ತು ಆಡಬಹುದು ಎಂದು ದೊಡ್ಡವರು ಅಲ್ಲೇ ಮಿತಿ ಹಾಕಬಹುದು.

ಸ್ಟೀಮ್ ಮತ್ತು ಪ್ರೋಟಾನ್

ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸ್ಟೀಮ್ ಎಂದು ಹುಡುಕಿ ಹಾಕಿ. ಎರಡು ಕಾಣಿಸಿದರೆ ಫ್ಲಾಟ್‌ಪ್ಯಾಕ್ ಎಂಬ ಗುರುತು ಇಲ್ಲದ್ದನ್ನು ಆರಿಸಿ, ಬೇರೆ ಡಿಸ್ಕ್ ಬಳಸುವಾಗ ತಂಟೆ ಕಡಿಮೆ. ಸೆಟ್ಟಿಂಗ್ಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ಎಲ್ಲ ಆಟಗಳಿಗೂ ಸ್ಟೀಮ್ ಪ್ಲೇ ಬಳಸುವ ಆಯ್ಕೆ ಕಂಡರೆ ಆನ್ ಮಾಡಿ. ಹೊಸ ಸ್ಟೀಮ್‌ನಲ್ಲಿ ಅದು ಮೊದಲೇ ಆನ್ ಇರುತ್ತದೆ.

ವಿಂಡೋಸ್ ಡಿಸ್ಕ್‌ನಲ್ಲಿ ಈಗಾಗಲೇ ಇರುವ ಆಟಗಳನ್ನು ಅಲ್ಲಿಂದಲೇ ಓಡಿಸೋಣ ಅನ್ನಿಸುತ್ತದೆ. ಬೇಡ. ಆ ಡಿಸ್ಕ್ ಇರುವುದು ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಫಾರ್ಮ್ಯಾಟ್‌ನಲ್ಲಿ, ಪ್ರೋಟಾನ್‌ಗೂ ಅದಕ್ಕೂ ಹೊಂದುವುದಿಲ್ಲ. ಬದಲಿಗೆ ಕಾಪಿ ಮಾಡಿ. ವಿಂಡೋಸ್‌ನ ಸ್ಟೀಮ್‌ಆಪ್ಸ್ ಫೋಲ್ಡರ್ ಒಳಗಿನ "ಕಾಮನ್" ಫೋಲ್ಡರ್‌ನಲ್ಲಿ ಒಂದೊಂದು ಆಟಕ್ಕೂ ಒಂದು ಫೋಲ್ಡರ್ ಇರುತ್ತದೆ. ಅದನ್ನು ಮಿಂಟ್ ಕಡೆಯ "ಕಾಮನ್" ಒಳಗೆ ಹಾಕಿ, ಸ್ಟೀಮ್‌ನಲ್ಲಿ ಇನ್‌ಸ್ಟಾಲ್ ಒತ್ತಿ. ಇರುವ ಫೈಲ್‌ಗಳನ್ನು ಅದು ಗುರುತಿಸಿ, ಕಡಿಮೆ ಬಿದ್ದಿದ್ದನ್ನು ಮಾತ್ರ ಇಳಿಸುತ್ತದೆ. ಇಂಟರ್ನೆಟ್ ಪ್ಲಾನ್‌ಗೆ ತಿಂಗಳ ಮಿತಿ ಇರುವ ಮನೆಯವರಿಗೆ ಇದು ದೊಡ್ಡ ಉಳಿತಾಯ.

ಮೊದಲ ಸಲ ಆಟ ತೆರೆದಾಗ "ವಲ್ಕನ್ ಶೇಡರ್" ಸಿದ್ಧವಾಗುತ್ತಿದೆ ಎಂದು ಪಟ್ಟಿ ಓಡುತ್ತದೆ. ಹಳೆಯ ಪ್ರೊಸೆಸರ್‌ನಲ್ಲಿ ಕೆಲವು ನಿಮಿಷ ಹಿಡಿಯಬಹುದು, ಮುಗಿಯಲು ಬಿಡಿ. ಆಟ ತೆರೆದು ತಕ್ಷಣ ಮುಚ್ಚಿಕೊಂಡರೆ ಅದರ ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿಯಲ್ಲಿ ಪ್ರೋಟಾನ್ ಎಕ್ಸ್‌ಪೆರಿಮೆಂಟಲ್ ಆರಿಸಿ ನೋಡಿ. ಅದಕ್ಕೂ ಜಗ್ಗದಿದ್ದರೆ ಪ್ರೋಟಾನ್‌ಅಪ್-ಕ್ಯೂಟಿ ಎಂಬ ಸಾಫ್ಟ್‌ವೇರ್ ಹಾಕಿ, ಅದರಿಂದ ಜಿಇ-ಪ್ರೋಟಾನ್ ಇಳಿಸಿ. ಕಟ್‌ಸೀನ್ ವೀಡಿಯೊ ಕಪ್ಪಾಗಿ ಕಾಣುವ ಆಟಗಳಿಗೆ ಇದು ಎಷ್ಟೋ ಸಲ ಮದ್ದು.

ಎಪಿಕ್ ಮತ್ತು ಜಿಒಜಿ ಎಂಬ ಬೇರೆ ಆಟದ ಅಂಗಡಿಗಳಲ್ಲಿ ಆಟ ಇರುವವರಿಗೆ ಹೀರೋಯಿಕ್ ಗೇಮ್ಸ್ ಲಾಂಚರ್ ಇದೆ. ಚಿಕ್ಕ ಮಕ್ಕಳಿಗೆ ಸೂಪರ್‌ಟಕ್ಸ್‌ಕಾರ್ಟ್ ಹಾಕಿಕೊಡಿ. ಉಚಿತ, ಜಾಹೀರಾತಿಲ್ಲ, ಒಂದೇ ಪರದೆಯಲ್ಲಿ ಇಬ್ಬರು ಆಡಬಹುದು.

ಕನ್ನಡ ಟೈಪಿಂಗ್

ನನ್ನ ಅಕ್ಕ ಟೀಚರ್. ಪ್ರಶ್ನೆಪತ್ರಿಕೆ ಎಲ್ಲ ನುಡಿಯಲ್ಲೇ ಟೈಪ್ ಮಾಡುವವಳು. ಅವಳಿಗೆ ಪ್ರೋಟಾನ್, ವಲ್ಕನ್ ಯಾವುದೂ ಬೇಡ. "ಎಫ್ ಒತ್ತಿದ್ರೆ ಒತ್ತಕ್ಷರ ಬರುತ್ತಾ? ಅದೊಂದು ಹೇಳು ಸಾಕು" ಎಂದಳು.

ಬರುತ್ತದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ ಎಂಬ ಟೈಪಿಂಗ್ ಸಾಫ್ಟ್‌ವೇರ್ ಹಾಕಿ. ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡ ಹುಡುಕಿದರೆ ಕೆಜಿಪಿ ಎಂಬ ವಿನ್ಯಾಸ ಸಿಗುತ್ತದೆ. ಕನ್ನಡ ಗಣಕ ಪರಿಷತ್ತಿನ, ನುಡಿಯಲ್ಲಿರುವ ಅದೇ ಕೀಲಿಮಣೆ. ಅಕ್ಕ ಎ, ಕೆ, ಎಫ್, ಕೆ ಒತ್ತಿದಳು. ಪರದೆ ಮೇಲೆ "ಅಕ್ಕ" ಎಂದು ಬಂತು. ಅವಳ ಮಟ್ಟಿಗೆ ಲಿನಕ್ಸ್ ಅಲ್ಲಿಗೆ ಪಾಸ್. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಬರೆದು ರೂಢಿ ಇರುವವರಿಗೆ ಅದೇ ಪಟ್ಟಿಯಲ್ಲಿ ಐಟ್ರಾನ್ಸ್ ಇದೆ.

ಹಳೆಯ ನುಡಿ ಫೈಲ್‌ಗಳು ಯುನಿಕೋಡ್ ಅಲ್ಲದಿದ್ದರೆ ಮಿಂಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಗಜಿಬಿಜಿಯಾಗಿ ಕಾಣುತ್ತವೆ. ವಿಂಡೋಸ್‌ನಲ್ಲಿರುವ ನುಡಿ ಫಾಂಟ್ ಫೈಲ್‌ಗಳನ್ನು ಮಿಂಟ್‌ಗೆ ತಂದು ಇನ್‌ಸ್ಟಾಲ್ ಮಾಡಿದರೆ ಓದಬಹುದು. ಮುಂದೆಯೂ ತಿದ್ದಿ ಬಳಸುವ ಫೈಲ್‌ಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಬಿಡಿ. ಹೊಸದಾಗಿ ಬರೆಯಲು ಗುಬ್ಬಿ, ನವಿಲು ಎಂಬ ಚೆಂದದ ಮುಕ್ತ ಫಾಂಟ್‌ಗಳು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ.

ಮೊದಲ ತಿಂಗಳು

ಮಿಂಟ್‌ನಿಂದ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರಬಹುದು. ಕಂಪ್ಯೂಟರ್ ಒಳಗಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಎಂದು ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ. ವಿಂಡೋಸ್‌ನ ಟೈಮ್ ಸೆಟ್ಟಿಂಗ್‌ನಲ್ಲಿ "ಸಿಂಕ್ ನೌ" ಒತ್ತಿ. ಸಮಯ ತಪ್ಪಿದ್ದರೆ ಎಷ್ಟೋ ವೆಬ್‌ಸೈಟ್ ತೆರೆಯುವುದಿಲ್ಲ, ಮನೆಯವರು ಇಂಟರ್ನೆಟ್ ಹೋಗಿದೆ ಎಂದುಕೊಳ್ಳುತ್ತಾರೆ.

ಅಪ್‌ಡೇಟ್ ನಿಂತ ವಿಂಡೋಸ್ 10ರಲ್ಲಿ ಬ್ಯಾಂಕ್, ಇ-ಮೇಲ್ ತೆರೆಯುವುದನ್ನು ಮನೆಯವರೆಲ್ಲ ಬಿಡಬೇಕು. ಆ ಕಡೆ ಹೋಗುವುದು ಟ್ಯಾಲಿಗೆ ಮತ್ತು ಆ ಒಂದೆರಡು ಆಟಕ್ಕೆ ಮಾತ್ರ. ಬಿಲ್ಲು, ಲೆಕ್ಕ ಇರುವ ಟ್ಯಾಲಿಯ ಡೇಟಾ ಫೋಲ್ಡರ್ ಅನ್ನು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿಸಿ.

ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಒಂದು ಕೆಲಸ ಮಾಡಿ. ಯಾರಾದರೂ ವಿಂಡೋಸ್‌ಗೆ ಹೋದ ದಿನ ಒಂದು ಗೀಟು ಎಳೆದು, ಯಾಕೆ ಎಂದು ಪಕ್ಕದಲ್ಲಿ ಬರೆಯಲಿ. ಪ್ರಿಂಟರ್ ಎಂದು ಮತ್ತೆ ಮತ್ತೆ ಬಂದಿದ್ದರೆ ಪ್ರಿಂಟರ್ ಸರಿಪಡಿಸಿ. ಒಂದೇ ಆಟದ ಹೆಸರು ಬಂದಿದ್ದರೆ ಪ್ರೋಟಾನ್‌ಡಿಬಿಯಲ್ಲಿ ಮತ್ತೊಮ್ಮೆ ನೋಡಿ. ಎರಡು ಮೂರು ತಿಂಗಳು ಗೀಟೇ ಬೀಳದಿದ್ದರೆ ಆ ಡಿಸ್ಕ್‌ನಲ್ಲಿರುವುದನ್ನೆಲ್ಲ ಇನ್ನೊಮ್ಮೆ ಬ್ಯಾಕಪ್ ಮಾಡಿ, ಲಿನಕ್ಸ್‌ನದೇ ಆದ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ. ಸ್ಟೀಮ್‌ನ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಅದನ್ನು ಸೇರಿಸಿದರೆ ಮಕ್ಕಳ ಆಟಗಳಿಗೆ ಇನ್ನಷ್ಟು ಜಾಗ ಸಿಗುತ್ತದೆ. ಗೀಟು ಬೀಳುತ್ತಲೇ ಇದ್ದರೆ ವಿಂಡೋಸ್ ಡಿಸ್ಕ್ ಅಲ್ಲೇ ಇರಲಿ.